ಎರಡು ಕೇಜಿ ಬೇಸ್ ಆಂಪ್ ಮತ್ತೆ ಊರಹಬ್ಬದ ಜನರೇಟರ್: ಒಂದು ಪ್ರಕರಣ ಅಧ್ಯಯನ

ಮಂಡ್ಯ ಕಡೆಯ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸೋ ಒಬ್ಬರು, ಇಲ್ಲಿ ಬೇಸ್ ಅಣ್ಣ ಅಂತಾನೇ ಕರೀತೀನಿ, ಗಣೇಶನ ಹಬ್ಬಕ್ಕೆ ಶುರುವಾದ್ರೆ ರಾಜ್ಯೋತ್ಸವದ ತಿಂಗಳು ಪೂರ್ತಿ ಪ್ರೋಗ್ರಾಮು, ಆಮೇಲೆ ಬೇಸಿಗೆಯಲ್ಲಿ ಊರಹಬ್ಬ ಜಾತ್ರೆ. ಹತ್ರತ್ರ 20 ಕೇಜಿ ತೂಗೋ ಹಳೇ ಟ್ರಾನ್ಸಿಸ್ಟರ್ ಹೆಡ್ ಒಂದು (ಹೆಡ್ ಅಂದ್ರೆ ಸ್ಪೀಕರ್ ಇಲ್ದಿರೋ, ಆಂಪ್ ಮಾತ್ರ ಇರೋ ಡಬ್ಬ), ಅದರ ಕೆಳಗೆ ನಾಲ್ಕು ಹತ್ತಿಂಚಿನ ಸ್ಪೀಕರ್ ಇರೋ ಬಾಕ್ಸ್ ಒಂದು, ಅದು 45 ಕೇಜಿಗೆ ಕಮ್ಮಿ ಇಲ್ಲ, ಇಷ್ಟನ್ನೂ ಟಿಟಿ ಹಿಂದಿನ ಸೀಟು ಮಡಚಿ ಹಾಕ್ಕೊಂಡು ಓಡಾಡ್ತಿದ್ರು. ಸೊಂಟದ ಡಿಸ್ಕ್ ಕೈಕೊಟ್ಟ ಮೇಲೆ ಡಾಕ್ಟ್ರು ಇನ್ಮೇಲೆ ಭಾರ ಎತ್ತೋ ಹಾಗೇ ಇಲ್ಲ ಅಂದ್ಬಿಟ್ರು. ಸರಿ, ಎರಡು ಕೇಜಿ ತೂಗೋ ಕ್ಲಾಸ್ ಡಿ ಹೆಡ್ ಒಂದು, ನಿಯೋಡಿಮಿಯಮ್ ಮ್ಯಾಗ್ನೆಟ್‌ನ ಒಂದೇ ಹನ್ನೆರಡು ಇಂಚಿನ ಸ್ಪೀಕರ್ ಇರೋ ಸಣ್ಣ ಬಾಕ್ಸ್ ಒಂದು ತಗೊಂಡ್ರು. ಹೆಡ್ಡು ಗಿಟಾರ್ ಬ್ಯಾಗಿನ ಮುಂದಿನ ಜೇಬಿಗೇ ಹೋಗತ್ತೆ, ಬಾಕ್ಸು ಒಂದು ಕೈಲಿ.

ಎರಡು ಸೀಸನ್ ಒಳಗೆ ನಾಲ್ಕು ದೂರು ಬಂತು. ಸೌಂಡು ತೆಳ್ಳಗಾಯ್ತು, ಸ್ಟೇಜ್ ಮೇಲೆ ಬೇಸೇ ಕೇಳಲ್ಲ. ತಂತಿ ಮುಟ್ಟಿ ಮೈಕ್ ಹತ್ರ ಬಾಯಿ ತಂದ್ರೆ ಜುಮ್ ಅನ್ನತ್ತೆ. ಹಾಡಿನ ಮಧ್ಯೆ ಆಂಪ್ ತಾನಾಗೇ ಆಫ್ ಆಗಿ ಆನ್ ಆಗತ್ತೆ. ಕೊನೆಗೆ ಒಂದು ಊರಹಬ್ಬದ ರಾತ್ರಿ ಪೂರ್ತಿ ಸತ್ತೇ ಹೋಯ್ತು. ತಂಡದಲ್ಲಿ ಎಲ್ಲರದ್ದೂ ಒಂದೇ ಮಾತು, "ಲೈಟ್ ವೇಟ್ ತಗೊಂಡ್ರೆ ಇಷ್ಟೇ ಕಣಣ್ಣ, ತೂಕ ಇಲ್ದಿರೋ ಆಂಪಲ್ಲಿ ದಮ್ಮು ಎಲ್ಲಿಂದ ಬರತ್ತೆ."

ನಾನು ಆ ತಂಡದ ಸೌಂಡ್ ನೋಡ್ಕೊಳ್ತೀನಿ, ಸಣ್ಣಪುಟ್ಟ ರಿಪೇರಿನೂ ಮಾಡ್ತೀನಿ, ಹಾಗಾಗಿ ಈ ನಾಲ್ಕೂ ದೂರು ಒಂದೊಂದಾಗಿ ಬಿಚ್ಚಿ ನೋಡೋ ಕೆಲಸ ನನಗೇ ಬಂತು. ಆಂಪ್ ಬ್ರ್ಯಾಂಡ್ ಯಾವ್ದು ಅಂತ ಬರೆಯಲ್ಲ, ಯಾಕಂದ್ರೆ ಪೂರ್ತಿ ಓದಿದ್ರೆ ನಿಮಗೇ ಅನ್ಸತ್ತೆ, ನಾಲ್ಕರಲ್ಲಿ ಮೂರಕ್ಕೆ ಆಂಪ್ ಕಾರಣನೇ ಅಲ್ಲ. ಉಳಿದ ಒಂದಕ್ಕೂ ಅರ್ಧ ಮಾತ್ರ.

ಮೊದಲು ತೂಕ ಎಲ್ಲಿಗೆ ಹೋಯ್ತು ಅನ್ನೋದು ಸ್ವಲ್ಪ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವ್ಯಾಟಿನ ವಾಲ್ವ್ ಹೆಡ್ಡು (ವಾಲ್ವ್ ಅಂದ್ರೆ ಹಳೇ ರೇಡಿಯೋಗಳಲ್ಲಿ ಇರ್ತಿತ್ತಲ್ಲ, ಆ ಗಾಜಿನ ಬಲ್ಬಿನಂಥದ್ದು), ಒಳಗೆ 14 ವಾಲ್ವು, ಹೆಡ್ಡೊಂದೇ 38 ಕೇಜಿ ಆಸುಪಾಸು, ಅದರ ಜೊತೆ ಎಂಟು ಸ್ಪೀಕರಿನ ಬೀರು ಥರದ ಬಾಕ್ಸು. ರೋಲಿಂಗ್ ಸ್ಟೋನ್ಸ್‌ನವರು ಅದೇ ವರ್ಷದ ಅಮೆರಿಕ ಟೂರಲ್ಲಿ ಅದನ್ನೇ ಇಟ್ಕೊಂಡು ನುಡಿಸಿದ್ದು. ಅದರಲ್ಲಿ ಬಹಳಷ್ಟು ತೂಕ ಟ್ರಾನ್ಸ್‌ಫಾರ್ಮರ್‌ದು. ನಮ್ಮ ಕರೆಂಟು 50 ಹರ್ಟ್ಜು, ಅಷ್ಟು ನಿಧಾನಕ್ಕೆ ತಿರುಗೋ ಕರೆಂಟನ್ನ ದೊಡ್ಡ ವ್ಯಾಟಿಗೆ ದಾಟಿಸ್ಬೇಕು ಅಂದ್ರೆ ಕಬ್ಬಿಣ ತಾಮ್ರ ಕೇಜಿಗಟ್ಟಲೆ ಬೇಕೇ ಬೇಕು. ಈಗಿನ ಹೆಡ್ಡುಗಳು ಎಸ್‌ಎಂಪಿಎಸ್, ಅಂದ್ರೆ ಸ್ವಿಚಿಂಗ್ ಪವರ್ ಸಪ್ಲೈ ಮೇಲೆ ಓಡತ್ತೆ. ಬಂದ 230 ವೋಲ್ಟನ್ನ ಮೊದಲೇ ಡಿಸಿ ಮಾಡ್ಕೊಂಡು, ಸುಮಾರು 325 ವೋಲ್ಟ್ ಆಗತ್ತೆ ಅದು, ಅದನ್ನ ಸೆಕೆಂಡಿಗೆ ಲಕ್ಷ ಸಲದ ಆಸುಪಾಸಲ್ಲಿ ಆನ್ ಆಫ್ ಮಾಡಿ, ಬೆಂಕಿಪೊಟ್ಟಣದಷ್ಟು ಟ್ರಾನ್ಸ್‌ಫಾರ್ಮರಲ್ಲೇ ಕೆಲಸ ಮುಗಿಸತ್ತೆ. ಔಟ್‌ಪುಟ್ ಕಡೆನೂ ಹಾಗೇ, ಹಳೇ ಕ್ಲಾಸ್ ಎಬಿಯಲ್ಲಿ ಟ್ರಾನ್ಸಿಸ್ಟರ್ ಅರ್ಧಂಬರ್ಧ ತೆರೆದುಕೊಂಡು ಕೂತು ಬಿಸಿಯಾಗಿ ಸುಮಾರು ಅರ್ಧ ಪವರ್ ಶಾಖಕ್ಕೇ ಹೋಗ್ತಿತ್ತು, ಅದಕ್ಕೆ ಅಲ್ಯೂಮಿನಿಯಂ ಹೀಟ್‌ಸಿಂಕು ಅಷ್ಟು ದಪ್ಪ. ಕ್ಲಾಸ್ ಡಿಯಲ್ಲಿ ಮಾಸ್‌ಫೆಟ್ ಅನ್ನೋ ಟ್ರಾನ್ಸಿಸ್ಟರುಗಳು ಪೂರ್ತಿ ಆನ್ ಇಲ್ಲಾ ಪೂರ್ತಿ ಆಫ್, ನೂರಕ್ಕೆ 85-90 ಭಾಗ ಸ್ಪೀಕರಿಗೇ ಹೋಗತ್ತೆ, ಹೀಟ್‌ಸಿಂಕ್ ಬಿಸ್ಕೆಟ್‌ನಷ್ಟಿದ್ರೂ ನಡಿಯತ್ತೆ.

ಇದೇನು ನಿನ್ನೆ ಮೊನ್ನೆ ಬಂದಿದ್ದಲ್ಲ. ವಾಲ್ಟರ್ ವುಡ್ಸ್ ಅನ್ನೋರು 1970ರ ದಶಕದಲ್ಲೇ ಕೈಯಾರೆ ಇಂಥ ಹಗುರ ಆಂಪ್ ಮಾಡಿ ಜಾಝ್ ಬೇಸಿಸ್ಟ್‌ಗಳಿಗೆ ಕೊಡ್ತಿದ್ರು. ಡೆನ್ಮಾರ್ಕಿನ ಐಸ್‌ಪವರ್ ಮಾಡ್ಯೂಲುಗಳು ಬಂದ ಮೇಲೆ ಕಂಪನಿಗಳು ತಾವು ಪ್ರೀಆಂಪ್ (ನಾಬ್‌ಗಳಿರೋ ಮುಂದಿನ ಭಾಗ) ಮಾತ್ರ ಡಿಸೈನ್ ಮಾಡಿ ಪವರ್ ಭಾಗ ರೆಡಿಮೇಡ್ ಕೂರಿಸೋಕೆ ಶುರು ಮಾಡಿದ್ವು. ಈಗ ಮೆಸಾದ ಸಬ್‌ವೇ ಡಿ-800 ಅನ್ನೋದು 800 ವ್ಯಾಟು, ತೂಕ ಎರಡೂವರೆ ಕೇಜಿ. ಟ್ರೇಸ್ ಎಲಿಯಟ್‌ನ ಎಲ್ಫ್ ಅಂತೂ 200 ವ್ಯಾಟು, ಒಂದು ಕೇಜಿನೂ ಇಲ್ಲ. ಸ್ಪೀಕರ್ ಕಡೆ ನಿಯೋಡಿಮಿಯಮ್ ಬಂದು ಮ್ಯಾಗ್ನೆಟ್ ತೂಕ ಇಳೀತು.

ಈಗ ಮೊದಲ್ನೇ ದೂರು, ಸೌಂಡು.

ಬೇಸ್ ಅಣ್ಣನ ಪುಣ್ಯ, ಹಳೇದನ್ನ ಮಾರಿರ್ಲಿಲ್ಲ. ಹಾಗಾಗಿ ಒಂದು ಕಲ್ಯಾಣ ಮಂಟಪದ ಖಾಲಿ ಹಾಲಲ್ಲಿ ಎರಡೂ ಸೆಟ್ ಇಟ್ಟು ಅದಲುಬದಲು ಮಾಡಿ ನೋಡಿದ್ವಿ. ಹೊಸ ಹೆಡ್ಡಿನ ವೈರನ್ನ ಹಳೇ ನಾಲ್ಕು ಸ್ಪೀಕರ್ ಬಾಕ್ಸಿಗೆ ಹಾಕಿದ ತಕ್ಷಣ ಡ್ರಮ್ಮರ್ ಅಲ್ಲಿಂದಲೇ "ಆಹ್, ಇದು ಕಣಣ್ಣ ಬೇಸು" ಅಂದ. ಹಳೇ ಹೆಡ್ಡನ್ನ ಹೊಸ ಸಣ್ಣ ಬಾಕ್ಸಿಗೆ ಹಾಕಿದ್ರೆ ಅದೇ ತೆಳ್ಳಗಿನ ಸೌಂಡು, ಅದೇ ದೂರು. ಅಲ್ಲಿಗೆ ಬಹುಪಾಲು ವಿಷಯ ತೀರ್ಮಾನ ಆದ ಹಾಗೇನೇ. ದಮ್ಮು ಹೋಗಿದ್ದು ಹೆಡ್ಡಿಂದಲ್ಲ, ಬಾಕ್ಸಿಂದ.

ಲೆಕ್ಕ ಹಾಕಿದ್ರೆ ಆಶ್ಚರ್ಯ ಏನಿಲ್ಲ. ನಾಲ್ಕು ಹತ್ತಿಂಚಿನ ಕೋನ್ ಸೇರಿದ್ರೆ ಗಾಳಿ ತಳ್ಳೋ ಜಾಗ ಒಂದು ಹನ್ನೆರಡಿಂಚಿನ ಕೋನಿನ ಎರಡೂವರೆ ಪಟ್ಟು ಮೇಲೇನೇ. ಬೇಸ್ ಅಂದ್ರೆ ಗಾಳಿ ತಳ್ಳೋದೇ, ಕೆಳಗಿನ ಸ್ವರಕ್ಕೆ ಕೋನು ಎಷ್ಟು ಮುಂದಕ್ಕೆ ಹಿಂದಕ್ಕೆ ಹೋಗ್ಬಲ್ಲದು ಅನ್ನೋದಕ್ಕೆ ಒಂದು ಮಿತಿ ಇದೆ, ಆ ಮಿತಿ ಮುಟ್ಟಿದ ಮೇಲೆ ಆಂಪಲ್ಲಿ ಎಷ್ಟು ವ್ಯಾಟ್ ಇದ್ರೂ ಪ್ರಯೋಜನ ಇಲ್ಲ. ಮೇಲಿಂದ ಇನ್ನೊಂದು, ಹೆಡ್ಡಿನ ಮೇಲೆ 500 ವ್ಯಾಟ್ ಅಂತ ಬರೆದಿದೆ ನಿಜ, ಆದ್ರೆ ಅದು 4 ಓಮ್ ಲೋಡಿಗೆ. ಇವ್ರ ಬಾಕ್ಸು 8 ಓಮು, ಒಂದೇ ಹಾಕಿದ್ರೆ ಸಿಗೋದು ಅದರ ಅರ್ಧದ ಆಸುಪಾಸು. ಅಂಗಡಿಯಲ್ಲಿ ಇದನ್ನ ಯಾರೂ ಹೇಳಿರ್ಲಿಲ್ಲ. ವ್ಯಾಟು ಅರ್ಧ ಆದ್ರೆ ಸೌಂಡಿನ ಅಳತೇಲಿ ಬರೀ 3 ಡಿಬಿ (ಡೆಸಿಬೆಲ್) ವ್ಯತ್ಯಾಸ, ಕಿವಿಗೆ ದೊಡ್ಡದೇನಲ್ಲ, ಆದ್ರೆ ಕೋನ್ ಜಾಗನೂ ಕಮ್ಮಿ ಇದೂ ಕಮ್ಮಿ ಸೇರಿದಾಗ ಡ್ರಮ್ಸು ಪ್ಯಾಡು ಕೀಬೋರ್ಡು ಎಲ್ಲ ಶುರುವಾದ ಮೇಲೆ ಬೇಸು ಮುಳುಗೇ ಹೋಗತ್ತೆ.

ಹಂಗಂತ ಹೆಡ್ಡಲ್ಲಿ ವ್ಯತ್ಯಾಸನೇ ಇಲ್ಲ ಅಂತ ಹೇಳಲ್ಲ. ಅದೇ ಹಳೇ ಬಾಕ್ಸಿಗೆ ಎರಡೂ ಹೆಡ್ಡು ಒಂದಾದ ಮೇಲೊಂದು ಹಾಕಿ ಹದವಾದ ವಾಲ್ಯೂಮಲ್ಲಿ ಕೇಳಿದಾಗ ಇಕ್ಯೂ (ಬೇಸ್, ಮಿಡ್, ಟ್ರೆಬಲ್ ನಾಬ್‌ಗಳು) ಸರಿ ಹೊಂದಿಸಿದ್ರೆ ಕಣ್ಣು ಮುಚ್ಕೊಂಡು ಯಾವ್ದು ಯಾವ್ದು ಅಂತ ಹೇಳೋದು ನಮ್ಮಲ್ಲಿ ಯಾರಿಗೂ ಆಗ್ಲಿಲ್ಲ. ವ್ಯತ್ಯಾಸ ಕಂಡಿದ್ದು ಜೋರು ನುಡಿಸಿದಾಗ. ಹಳೇ ಹೆಡ್ಡು ಮಿತಿ ಮುಟ್ಟೋವಾಗ ಸ್ವಲ್ಪ ಗುರ್ ಅಂತ ಒರಟಾಗತ್ತೆ, ಆ ಒರಟಿನಿಂದಾನೇ ಇನ್ನೂ ಜೋರಾಗ್ತಿದೆ ಅನ್ನೋ ಭಾವನೆ ಬರತ್ತೆ, ವಾಲ್ವ್ ಆಂಪಲ್ಲಿ ಇದು ಇನ್ನೂ ಜಾಸ್ತಿ, ಅದಕ್ಕೇ 300 ವ್ಯಾಟಿನ ವಾಲ್ವು 500 ವ್ಯಾಟಿನ ಕ್ಲಾಸ್ ಡಿಗಿಂತ ದೊಡ್ಡದು ಅಂತ ಹಳಬರು ವಾದ ಮಾಡೋದು. ಹೊಸ ಹೆಡ್ಡು ಹಂಗಲ್ಲ, ಒಳಗಿನ ಲಿಮಿಟರ್ ಬಂದು ಸುಮ್ನೆ ಅದುಮಿಡತ್ತೆ. ಕೊಳಕು ಸೌಂಡೇನೂ ಬರಲ್ಲ, ಆದ್ರೆ ಬೆರಳು ಎಷ್ಟು ಜೋರಾಗಿ ಎಳೆದ್ರೂ ಅಷ್ಟೇ. ಬೇಸ್ ಅಣ್ಣ ಬೆರಳಲ್ಲೇ ಹಾಡಿನ ಏರಿಳಿತ ಮಾಡೋರು, ಚರಣದಲ್ಲಿ ಮೆತ್ತಗೆ ಪಲ್ಲವಿಗೆ ಬಂದ್ರೆ ಗಟ್ಟಿ, ಅವ್ರಿಗೆ ಇದು ಗೋಡೆಗೆ ಗುದ್ದಿದ ಹಾಗಾಗ್ತಿತ್ತು. ಆಗ ಅವ್ರು ಏನ್ ಮಾಡ್ತಿದ್ರು, ಬೇಸ್ ನಾಬ್ ಇನ್ನೂ ತಿರುಗಿಸ್ತಿದ್ರು.

ಅದೇ ಉಲ್ಟಾ ಹೊಡೀತಿದ್ದಿದ್ದು. ಬೇಸ್ ಗಿಟಾರಿನ ದಪ್ಪ ತಂತಿ ಇ, 41 ಹರ್ಟ್ಜು. ಆ ಜಾಗದಲ್ಲಿ 6 ಡಿಬಿ ಏರಿಸಿದ್ರೆ ಆಂಪು ನಾಲ್ಕು ಪಟ್ಟು ಪವರ್ ಕೊಡ್ಬೇಕು, ಒಂದು ಹನ್ನೆರಡಿಂಚಿನ ಬಾಕ್ಸಿಂದ ಅಷ್ಟು ಕೆಳಗಿನ ಸೌಂಡು ಹೊರಗೆ ಬರೋದೇ ಕಷ್ಟ, ಬರೋದು ಬರೀ ಕೋನಿನ ಒದ್ದಾಟ. ಇರೋ ಪವರೆಲ್ಲಾ ಕೇಳದಿರೋ ಜಾಗಕ್ಕೆ ಹೋಗಿ ಲಿಮಿಟರ್ ಬೇಗ ಹಿಡ್ಕೊಳ್ಳತ್ತೆ, ಸೌಂಡು ಇನ್ನೂ ಸಣ್ಣ. ನಿಜಕ್ಕೂ ಸ್ಟೇಜಲ್ಲಿ ಬೇಸ್ ಅಂತ ನಾವು ಗುರುತು ಹಿಡಿಯೋದು ಅದರ ಎರಡರಷ್ಟು ಮೂರರಷ್ಟು ಮೇಲಿನ ಸ್ವರಗಳಿಂದ, 82 ಹರ್ಟ್ಜಿಂದ ಹಿಡಿದು ಲೋ ಮಿಡ್ ಅಂತೀವಲ್ಲ 200-400 ಹರ್ಟ್ಜು, ಅಲ್ಲಿವರೆಗೆ. ಬೇಸ್ ನಾಬ್ ನಡುವಿಗೆ ತಂದು, ಲೋ ಮಿಡ್ ಸ್ವಲ್ಪ ಎತ್ತಿ, ಅದೇ ಥರದ ಇನ್ನೊಂದು ಬಾಕ್ಸ್ ತಂದು ಒಂದರ ಮೇಲೊಂದು ನಿಲ್ಲಿಸಿದ್ವಿ. ಎರಡು 8 ಓಮ್ ಪ್ಯಾರಲಲ್ ಸೇರಿ 4 ಓಮ್ ಆಯ್ತು, 500 ವ್ಯಾಟು ಪೂರ್ತಿ ಸಿಕ್ತು, ಕೋನ್ ಜಾಗ ಡಬಲ್, ಮೇಲಿನ ಸ್ಪೀಕರು ಎದೆ ಮಟ್ಟಕ್ಕೆ ಬಂದಿದ್ದರಿಂದ ನುಡಿಸೋರಿಗೇ ನೇರ ಕೇಳ್ಸತ್ತೆ. ಮೊದಲಿನ ನಾಲ್ಕು ಸ್ಪೀಕರಿನಷ್ಟು ಆಗ್ಲಿಲ್ಲ, ಆಗೋದೂ ಇಲ್ಲ, ಆದ್ರೆ ದೂರು ನಿಂತೋಯ್ತು. ಎರಡು ಬಾಕ್ಸು ಹೆಡ್ಡು ಸೇರಿದ್ರೂ 30 ಕೇಜಿ ದಾಟಲ್ಲ, ಅದೂ ಬಿಡಿಬಿಡಿಯಾಗಿ. ಸೊಂಟಕ್ಕೆ ಅದೇ ಮುಖ್ಯ.

ಹಗುರ ಹೆಡ್ಡಿನ ಇನ್ನೊಂದು ಕಾಟ, ಯಾರೂ ಬರೆಯಲ್ಲ ಇದನ್ನ: ಬಾಕ್ಸ್ ಅದುರಿಕೆಗೆ ಹೆಡ್ಡು ತಾನೇ ನಡ್ಕೊಂಡು ಅಂಚಿಗೆ ಬರತ್ತೆ. ಗಿಟಾರ್ ವೈರ್ ಸ್ವಲ್ಪ ಎಳೆದ್ರೂ ಸಾಕು ಕೆಳಗೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಹಾಕೋ ಜಾರದ ಮ್ಯಾಟ್ ಒಂದು ತುಂಡು ಕತ್ತರಿಸಿ ಹಾಕಿದ್ವಿ, ಅಷ್ಟೇ.

ಎರಡ್ನೇದು, ಶಾಕ್. ಇದು ಸಣ್ಣ ವಿಷಯ ಅಲ್ಲ, ಸ್ಟೇಜ್ ಮೇಲೆ ಜೀವ ಹೋಗಿರೋ ಉದಾಹರಣೆಗಳಿವೆ ಪ್ರಪಂಚದಲ್ಲಿ. ಎಸ್‌ಎಂಪಿಎಸ್ ಇರೋ ಯಾವ್ದೇ ಸಾಮಾನಿನ ಒಳಗೆ ಲೈನಿಂದ ಬಾಡಿಗೆ, ನ್ಯೂಟ್ರಲಿಂದ ಬಾಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಹಾಕಿರ್ತಾರೆ, ಸ್ವಿಚಿಂಗ್ ಗಲಾಟೆ ಹೊರಗೆ ಹೋಗದ ಹಾಗೆ. ಅರ್ತ್ ಸರಿ ಇದ್ರೆ ಅದು ಅಲ್ಲಿಗೇ ಇಳ್ದು ಹೋಗತ್ತೆ. ಅರ್ತ್ ಇಲ್ಲಾಂದ್ರೆ ಬಾಡಿ ಎರಡರ ಮಧ್ಯೆ ತೇಲ್ತಾ ನಿಂತ್ಕೊಳ್ಳತ್ತೆ, 230ರ ಅರ್ಧ, 115 ವೋಲ್ಟ್ ಆಸುಪಾಸು. ಕರೆಂಟು ಒಂದು ಮಿಲಿಆಂಪಿಗಿಂತ ಕಮ್ಮಿನೇ, ಜುಮ್ ಅನ್ನತ್ತೆ ಅಷ್ಟೇ, ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದಾಗ ಮೆಟಲ್ ಬಾಡಿ ಸವರಿದ್ರೆ ಬರತ್ತಲ್ಲ ಅದೇ. ಗಿಟಾರ್ ತಂತಿ ವೈರಿನ ಶೀಲ್ಡ್ ಮೂಲಕ ಆಂಪಿನ ಬಾಡಿಗೇ ಸೇರಿರತ್ತೆ, ಮೈಕು ಮಿಕ್ಸರಿನ ಅರ್ತಿಗೆ ಸೇರಿರತ್ತೆ, ಕೈ ತಂತಿ ಮೇಲೆ ತುಟಿ ಮೈಕ್ ಮೇಲೆ, ಸರ್ಕ್ಯೂಟ್ ಪೂರ್ತಿ. ಆದ್ರೆ ಆ ಜುಮ್ ಒಂದು ಗುರುತು ಕೂಡ, ಅರ್ತ್ ಇಲ್ಲ ಅನ್ನೋದಕ್ಕೆ. ಅರ್ತ್ ಇಲ್ಲದ ಕಡೆ ನಾಳೆ ಬೇರೆ ಯಾವ್ದೋ ಸಾಮಾನು ಒಳಗೆ ಲೀಕ್ ಆದ್ರೆ ಆಗ ಜುಮ್ ಅಲ್ಲ.

ಹುಡುಕಿದ್ರೆ ಸಿಕ್ಕಿದ್ದು ಏನು, ತಂಡದ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗಲ್ಲಿ ಮೇಲಿನ ದಪ್ಪ ಪಿನ್ನೇ ಇಲ್ಲ. ಯಾವ್ದೋ ಕಾಲದಲ್ಲಿ ಹಮ್ (ಸ್ಪೀಕರಲ್ಲಿ ಗುಂಯ್ ಅನ್ನೋ ಸದ್ದು) ಬರತ್ತೆ ಅಂತ ಯಾರೋ ಕಿತ್ತಿದ್ದಾರೆ. ಹಮ್ಮಿಗೆ ಅರ್ತ್ ಕೀಳೋದು ನಮ್ಮ ಆರ್ಕೆಸ್ಟ್ರಾ ಫೀಲ್ಡಿನ ದೊಡ್ಡ ರೋಗ, ಡಿಐ ಬಾಕ್ಸಲ್ಲಿ (ಗಿಟಾರಿನ ಸಿಗ್ನಲನ್ನ ನೇರ ಮಿಕ್ಸರಿಗೆ ಕಳಿಸೋ ಸಣ್ಣ ಡಬ್ಬ) ಗ್ರೌಂಡ್ ಲಿಫ್ಟ್ ಸ್ವಿಚ್ ಇರೋದೇ ಹಮ್ ತೆಗೆಯೋಕೆ, ಅದು ಆಡಿಯೋ ವೈರಿನ ಶೀಲ್ಡ್ ಮಾತ್ರ ಬಿಡಿಸತ್ತೆ, ಕರೆಂಟಿನ ಅರ್ತ್ ಹಾಗೇ ಇರತ್ತೆ. ಪ್ಲಗ್ ಬದಲಾಯಿಸಿದ್ವಿ, ಶಾಕ್ ಹೋಯ್ತು. ಆಂಪಿಗೂ ಇದಕ್ಕೂ ಇರೋ ಸಂಬಂಧ ಇಷ್ಟೇ, ಹಳೇ ಟ್ರಾನ್ಸ್‌ಫಾರ್ಮರ್ ಹೆಡ್ಡಲ್ಲಿ ಆ ಕೆಪಾಸಿಟರ್ ಇರ್ಲಿಲ್ಲ, ಹಾಗಾಗಿ ಅರ್ತ್ ಇಲ್ಲದ್ದು ಇಷ್ಟು ವರ್ಷ ಗೊತ್ತೇ ಆಗಿರ್ಲಿಲ್ಲ.

ಮೂರ್ನೇದು, ಮಧ್ಯ ಮಧ್ಯ ಆಫ್ ಆಗೋದು. ಎಲ್ರೂ ಹೀಟ್ ಅಂದ್ರು. ಹೀಟ್ ಆದ್ರೆ ಆಂಪ್ ನಿಂತ ಮೇಲೆ ತಣ್ಣಗಾಗೋಕೆ ಕೆಲವು ನಿಮಿಷ ಬೇಕು, ಇದು ಟಕ್ ಅಂತ ನಿಂತು ಎರಡು ಮೂರು ಸೆಕೆಂಡಿಗೆ ವಾಪಸ್ ಬರ್ತಿತ್ತು. ಅದು ವೋಲ್ಟೇಜ್ ಬಿದ್ದಾಗಿನ ಲಕ್ಷಣ. ಯಾವಾಗ ಆಗತ್ತೆ ಅಂತ ಗಮನ ಇಟ್ಟು ನೋಡಿದ್ರೆ ಪಲ್ಲವಿ ಜೋರಾಗಿ ಬರೋ ಹೊತ್ತಿಗೇ, ಅಂದ್ರೆ ಲೈಟಿನವ್ರು ಪಾರ್ ಕ್ಯಾನ್ (ಡಬ್ಬದಂಥ ಸ್ಟೇಜ್ ಲೈಟು) ಎಲ್ಲಾ ಒಟ್ಟಿಗೆ ಹೊಡೆದಾಗ. ಲೈಟು ಸ್ಟೇಜು ಎರಡಕ್ಕೂ ಒಂದೇ ತೆಳ್ಳನೆ ವೈರಲ್ಲಿ ಲೈನ್ ಎಳೆದಿದ್ರು, ಉದ್ದನೂ ಬಹಳ. ಮೀಟರ್ ಹಿಡಿದ್ರೆ ಲೈಟ್ ಹೊಡೆದ ಕ್ಷಣ ವೋಲ್ಟೇಜು ಪಾತಾಳಕ್ಕೆ. ಎಸ್‌ಎಂಪಿಎಸ್‌ಗಳಲ್ಲಿ ಕೆಲವು 100 ವೋಲ್ಟಿಂದ 240ರವರೆಗೂ ತಾನೇ ಹೊಂದ್ಕೊಳ್ಳತ್ತೆ, ಮೊಬೈಲ್ ಚಾರ್ಜರ್ ಥರ. ಆದ್ರೆ ಬೇಸ್ ಹೆಡ್ಡುಗಳಲ್ಲಿ ಸುಮಾರು ಮಾಡೆಲ್ 115 ಇಲ್ಲಾ 230 ಅಂತ ಫಿಕ್ಸ್ ಆಗಿರತ್ತೆ, ಒಂದು ಮಟ್ಟಕ್ಕಿಂತ ಕೆಳಗೆ ಹೋದ್ರೆ ತನ್ನನ್ನ ತಾನು ಕಾಪಾಡ್ಕೊಳ್ಳೋಕೆ ಆಫ್ ಆಗತ್ತೆ. ಇವ್ರದ್ದೂ ಅಂಥದ್ದೇ. ಹಳೇ ಹೆಡ್ಡಾಗಿದ್ರೆ ಸೌಂಡು ಸ್ವಲ್ಪ ಕುಗ್ತಿತ್ತು, ನಿಲ್ತಿರ್ಲಿಲ್ಲ. ಇದೊಂದರಲ್ಲಿ ಹಗುರ ಆಂಪಿನ ಮೇಲಿನ ದೂರು ಅರ್ಧ ನ್ಯಾಯನೇ ಅಂತ ನಾನು ಒಪ್ಕೋತೀನಿ. ಸ್ಟೇಜಿಗೆ ಬೇರೆ ಲೈನು, ದಪ್ಪ ವೈರು ಹಾಕ್ಸಿದ ಮೇಲೆ ಹಾಗೆ ಆಗ್ಲಿಲ್ಲ.

ಹೀಟಿಂದು ಬೇರೆ, ಅದೂ ಒಂದ್ಸಲ ಆಯ್ತು, ಜಾತ್ರೆಲಿ ಮಧ್ಯಾಹ್ನ ಸೌಂಡ್ ಚೆಕ್ ಹೊತ್ತಲ್ಲಿ ಕಪ್ಪು ಹೆಡ್ಡು ನೇರ ಬಿಸಿಲಲ್ಲಿ, ಹಿಂದಿನ ಪರದೆ ಬಟ್ಟೆ ಫ್ಯಾನ್ ಕಿಂಡಿಗೆ ಅಂಟ್ಕೊಂಡು. ಬಿಚ್ಚಿ ನೋಡಿದ್ರೆ ಒಳಗೆ ಧೂಳು ಹಾಸಿಗೆ ಥರ. ಸಣ್ಣ ಫ್ಯಾನು, ಸಣ್ಣ ಹೀಟ್‌ಸಿಂಕು, ಧೂಳು ಒಂದು ಪದರ ಕೂತ್ರೂ ಕಷ್ಟ. ಇನ್ನೊಂದು, ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ 10 ಡಿಗ್ರಿ ಹೆಚ್ಚು ಬಿಸೀಲಿ ಕೆಲಸ ಮಾಡಿದ್ರೆ ಆಯಸ್ಸು ಅರ್ಧ ಆಗತ್ತೆ ಅನ್ನೋದು ಎಲೆಕ್ಟ್ರಾನಿಕ್ಸಲ್ಲಿ ಎಲ್ರೂ ಹಿಡಿಯೋ ಲೆಕ್ಕ. ಸೀಸನ್ ಶುರುವಿಗೆ ಒಂದ್ಸಲ ಬ್ಲೋಯರ್ ಹೊಡೆದ್ರೆ ಸಾಕು.

ಇನ್ನು ಸತ್ತ ಕತೆ.

ಊರಹಬ್ಬ, ರಾತ್ರಿ, ಜನರೇಟರ್ ಮೇಲೆ ಪ್ರೋಗ್ರಾಮು. ತ್ರೀ ಫೇಸ್ ಜನರೇಟರು, ಒಂದು ಫೇಸ್ ಸೌಂಡಿನ ದೊಡ್ಡ ಆಂಪುಗಳಿಗೆ, ಒಂದು ಲೈಟಿಂಗಿಗೆ, ಒಂದು ಸ್ಟೇಜಿನ ವಾದ್ಯಗಳಿಗೆ ಮತ್ತೆ ಹಿಂದೆ ಮೇಕಪ್ ರೂಮಿಗೆ. ಹಾಡು ನಡೀತಿದೆ, ಇದ್ದಕ್ಕಿದ್ದಂಗೆ ಮೇಕಪ್ ರೂಮಿನ ಬಲ್ಬು ಬಿಳೀ ಬೆಳ್ಳಗೆ ಉರಿಯೋಕೆ ಶುರು, ಅದೇ ಹೊತ್ತಿಗೆ ಸೌಂಡಿನವ್ರ ಕಡೆ ಆಂಪಿನ ಲೈಟು ಮಂಕು. ಎರಡು ಸೆಕೆಂಡು, ಬೇಸ್ ಹೆಡ್ಡಿಂದ ಪಟಾಕಿ ಥರ ಸದ್ದು, ಹೊಗೆ. ಕೀಬೋರ್ಡಿನ ಅಡಾಪ್ಟರ್ ಹೋಯ್ತು, ಪ್ಯಾಡಿಂದೂ ಹೋಯ್ತು. ಜನರೇಟರ್ ಹುಡುಗ ಓಡಿ ಹೋಗಿ ಆಫ್ ಮಾಡ್ದ.

ನ್ಯೂಟ್ರಲ್ ಬಿಟ್ಟೋಗಿತ್ತು. ಜನರೇಟರಿನ ಡಬ್ಬದೊಳಗೆ ನ್ಯೂಟ್ರಲ್ ವೈರಿನ ಲಗ್ ಸಡ್ಲ ಆಗಿ, ಸುಟ್ಟು, ಕೊನೆಗೆ ಕೈಬಿಟ್ಟಿತ್ತು. ತ್ರೀ ಫೇಸಲ್ಲಿ ಒಂದೊಂದು ಫೇಸಿಗೂ ನ್ಯೂಟ್ರಲಿಗೂ ಮಧ್ಯೆ 230, ಆದ್ರೆ ಫೇಸಿಗೂ ಫೇಸಿಗೂ ಮಧ್ಯೆ 400ರ ಮೇಲೆ. ನ್ಯೂಟ್ರಲ್ ಇಲ್ಲಾಂದ್ರೆ ಎಲ್ಲಾ ಸಾಮಾನೂ ಫೇಸಿಂದ ಫೇಸಿಗೆ ಸೀರೀಸಲ್ಲಿ ಸಿಕ್ಕಾಕ್ಕೊಂಡು ಆ 400ನ್ನ ಹಂಚ್ಕೊಳ್ಳತ್ತೆ. ಹಂಚ್ಕೊಳ್ಳೋದರಲ್ಲಿ ಸಮಪಾಲಿಲ್ಲ, ಯಾವ ಫೇಸಲ್ಲಿ ಲೋಡು ಜಾಸ್ತಿ ಇದ್ಯೋ ಅಲ್ಲಿ ವೋಲ್ಟೇಜ್ ಬೀಳತ್ತೆ, ಯಾವ ಫೇಸಲ್ಲಿ ಲೋಡು ಕಮ್ಮಿ ಇದ್ಯೋ ಅಲ್ಲಿ ಏರತ್ತೆ.

ಮಾರನೇ ದಿನ ಟೀ ಅಂಗಡೀಲಿ ಬಂದ ವಾದ ಏನಪ್ಪಾ ಅಂದ್ರೆ, ಸೌಂಡಿನವ್ರ ಹಳೇ ಟ್ರಾನ್ಸ್‌ಫಾರ್ಮರ್ ಆಂಪುಗಳಿಗೆ ಕೂದಲೂ ಕೊಂಕ್ಲಿಲ್ಲ, ಅದೇ ಜನರೇಟರ್ ಅದೇ ರಾತ್ರಿ, ನಿಮ್ಮ ಎರಡು ಕೇಜಿ ಆಂಪ್ ಮಾತ್ರ ಢಮಾರ್, ಇನ್ನೇನು ಸಾಕ್ಷಿ ಬೇಕು ಅಂತ. ಕೇಳೋಕೆ ಸರಿಯಾಗೇ ಇದೆ. ಆದ್ರೆ ಸೌಂಡಿನವ್ರ ಆಂಪುಗಳು ಇದ್ದಿದ್ದು ಲೋಡು ಜಾಸ್ತಿ ಇರೋ ಫೇಸಲ್ಲಿ. ಅವಕ್ಕೆ ಬಂದಿದ್ದು ಕಮ್ಮಿ ವೋಲ್ಟೇಜು, ಅದಕ್ಕೇ ಲೈಟು ಮಂಕಾಗಿದ್ದು. ಸ್ಟೇಜಿನ ಫೇಸಲ್ಲಿ ಎರಡು ಕೀಬೋರ್ಡು ಒಂದು ಪ್ಯಾಡು ಒಂದು ಬೇಸ್ ಹೆಡ್ಡು ಒಂದೆರಡು ಬಲ್ಬು, ಎಲ್ಲಾ ಸೇರಿದ್ರೂ ಪುಟ್ಟ ಲೋಡು, ಹಾಗಾಗಿ ಏರಿದ್ದೆಲ್ಲಾ ಇವ್ರ ತಲೆ ಮೇಲೆ. ನ್ಯೂಟ್ರಲ್ ಹೋದಾಗಲೆಲ್ಲಾ ವಾದ್ಯದವ್ರ ಲೈನಿಗೇ ಪೆಟ್ಟು ಬೀಳೋದು ಅದಕ್ಕೇನೇ. ಆ ಹೊತ್ತಲ್ಲಿ ಆ ಫೇಸಿಗೆ ಹಳೇ 20 ಕೇಜಿ ಹೆಡ್ಡು ಹಾಕಿದ್ರೂ ಫ್ಯೂಸು ಹಾರ್ತಿತ್ತು, ಫಿಲ್ಟರ್ ಕೆಪಾಸಿಟರಿಗೂ ಪೆಟ್ಟಾಗ್ತಿತ್ತು. ಇನ್ನೂ ಕೆಲವು ಸೆಕೆಂಡು ಜಾಸ್ತಿ ತಡೀತಿತ್ತೇನೋ, ಟ್ರಾನ್ಸ್‌ಫಾರ್ಮರ್ ಮಧ್ಯೆ ಇರೋದರಿಂದ ನಷ್ಟ ಕಮ್ಮಿ ಇರ್ತಿತ್ತು, ಅಷ್ಟು ನಿಜ.

ಹೊಸದರಲ್ಲಿ ಏನಾಯ್ತು ಅಂದ್ರೆ, ಕರೆಂಟ್ ನೇರ ಡಿಸಿ ಆಗೋ ಕಡೆ ಕೂತಿರೋ ದೊಡ್ಡ ಕೆಪಾಸಿಟರುಗಳು 400 ವೋಲ್ಟ್ ರೇಟಿಂಗಿಂದು. 230ಕ್ಕೆ 325 ಆಗತ್ತೆ, ಪರವಾಗಿಲ್ಲ, 280 ಬಂದ್ರೆ 396, ಅಂಚಿಗೆ ಬಂತು. 300 ದಾಟಿದ್ರೆ 424, ಮುಗೀತು. ಮೊದಲು ವೇರಿಸ್ಟರ್ ಅಂತ ಒಂದು ನೀಲಿ ಬಿಲ್ಲೆ ಇರತ್ತೆ, ಅದು ಸಿಡಿಲು ಗಿಡಿಲಿನಿಂದ ಬರೋ ಕ್ಷಣಮಾತ್ರದ ಏರಿಕೆ ತಡ್ಕೊಳ್ಳೋಕೆ ಇರೋದು, ಸೆಕೆಂಡುಗಟ್ಟಲೆ ಬಂದ್ರೆ ತಾನೇ ಸುಟ್ಟೋಗತ್ತೆ. ನಾವು ಬಿಚ್ಚಿದಾಗ ಬಿಲ್ಲೆ ಕರ್ರಗೆ ಒಡ್ದಿತ್ತು, ಒಂದು ಕೆಪಾಸಿಟರ್ ತಲೆ ಬಾಯ್ಬಿಟ್ಟಿತ್ತು, ಪವರ್ ಸಪ್ಲೈ ಮಾಸ್‌ಫೆಟ್ಟುಗಳು ಮೂರು ಕಾಲೂ ಶಾರ್ಟು, ಅವನ್ನ ಓಡಿಸೋ ಐಸಿನೂ ಹೋಗಿತ್ತು. ಔಟ್‌ಪುಟ್ ಭಾಗ ಸ್ಪೀಕರ್ ಎರಡೂ ಸರಿಯಿದ್ವು.

ಇಲ್ಲಿಂದ ಮುಂದಕ್ಕೆ ಹಗುರ ಆಂಪಿನ ನಿಜವಾದ ತೊಂದರೆ ಶುರು, ನನ್ನ ಪ್ರಕಾರ ಇದೊಂದೇ. ಕೆಡೋದು ಹೆಚ್ಚಲ್ಲ, ಕೆಟ್ಟ ಮೇಲೆ ಎದ್ದೇಳೋದು ಕಷ್ಟ. ಹಳೇ ಹೆಡ್ಡು ಔಟ್‌ಪುಟ್ ಹೋದ್ರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ 2ಎಸ್‌ಸಿ5200, 2ಎಸ್‌ಎ1943 ಟ್ರಾನ್ಸಿಸ್ಟರ್ ಜೋಡಿ ತಂದು, ಎರಡು ರೆಸಿಸ್ಟರ್ ಬದಲಾಯಿಸಿ, ಮಧ್ಯಾಹ್ನದೊಳಗೆ ಸ್ಟೇಜಿಗೆ ರೆಡಿ. ಅಹುಜಾ ಆಂಪ್ ರಿಪೇರಿ ಗೊತ್ತಿರೋ ಯಾರು ಬೇಕಾದ್ರೂ ಮಾಡ್ತಾರೆ. ಇದರಲ್ಲಿ ಪವರ್ ಸಪ್ಲೈ ಆಂಪ್ ಎರಡೂ ಒಂದೇ ಬೋರ್ಡು, ಸಾಸಿವೆ ಕಾಳಿನಂಥ ಎಸ್‌ಎಂಡಿ ಪಾರ್ಟು, ಸರ್ಕ್ಯೂಟ್ ಡಯಾಗ್ರಮ್ ಕಂಪನಿ ಕೊಡಲ್ಲ. ಬೆಂಗಳೂರಲ್ಲಿ ತೋರಿಸಿದ ಟೆಕ್ನಿಷಿಯನ್ ನೋಡಿ, ಸುಟ್ಟಿರೋ ಪಾರ್ಟೆಲ್ಲಾ ಹಾಕ್ಕೊಡ್ತೀನಿ ಸಾರ್ ಆದ್ರೆ ಗ್ಯಾರಂಟಿ ಕೇಳ್ಬೇಡಿ, ಒಂದು ಪಾರ್ಟ್ ಅರೆಜೀವ ಉಳಿದಿದ್ರೂ ಆನ್ ಮಾಡಿದ ತಕ್ಷಣ ಹೊಸದನ್ನೂ ಸೇರಿಸಿ ಸುಡತ್ತೆ ಅಂದ. ಪ್ರಾಮಾಣಿಕ ಮನುಷ್ಯ. ಕಂಪನಿ ಕಡೆಯಿಂದ ಬೋರ್ಡೇ ಪೂರ್ತಿ ಬದಲಾಯಿಸೋದು ಅಂದ್ರೆ ಹೊರದೇಶದಿಂದ ತರ್ಸಿ, ಸುಂಕ ಕಟ್ಟಿ, ಹೊಸ ಹೆಡ್ಡಿನ ಅರ್ಧ ಬೆಲೆ ಹತ್ರ. ಹೈ ವೋಲ್ಟೇಜಿಂದ ಸುಟ್ಟಿದ್ದು ವಾರಂಟಿಗೆ ಬರಲ್ಲ, ಬೋರ್ಡ್ ನೋಡಿದ ತಕ್ಷಣ ಅವ್ರಿಗೆ ಗೊತ್ತಾಗತ್ತೆ.

ಅಮೆರಿಕ ಯೂರೋಪಿನ ಬೇಸಿಸ್ಟ್‌ಗಳು ಇದೇ ಥರದ ಹೆಡ್ಡು ಹತ್ತು ವರ್ಷ ಓಡಿಸಿದ್ದೀವಿ ಏನೂ ಆಗಿಲ್ಲ ಅಂತಾರೆ, ಅದೂ ಸುಳ್ಳಲ್ಲ, ಅವ್ರ ಕ್ಲಬ್ಬಿನ ಗೋಡೆ ಸಾಕೆಟ್ಟಲ್ಲಿ ನ್ಯೂಟ್ರಲ್ ಬಿಟ್ಟೋಗೋದು ಅಪರೂಪ. ನಮ್ಮದು ಹೊಲದ ಮಧ್ಯೆ ಪೆಂಡಾಲು. ಅವ್ರ ಅನುಭವ ನೋಡ್ಕೊಂಡು ನಾವು ಧೈರ್ಯ ತಗೊಳ್ಳೋಕಾಗಲ್ಲ, ಟೀ ಅಂಗಡಿ ಮಾತು ಕೇಳ್ಕೊಂಡು ಹೆದರೋದೂ ಬೇಡ.

ಆ ರಾತ್ರಿ ಇನ್ನೊಂದು ಆಯ್ತು, ಅದು ನನಗೆ ಆಂಪ್ ಸುಟ್ಟಿದ್ದಕ್ಕಿಂತ ಮುಖ್ಯ ಅನ್ಸತ್ತೆ. ಜನರೇಟರ್ ಸರಿ ಮಾಡಿ, ಕೀಬೋರ್ಡಿಗೆ ಬೇರೆ ಅಡಾಪ್ಟರ್ ಸಿಕ್ಕಿ ಪ್ರೋಗ್ರಾಮ್ ಮತ್ತೆ ಶುರುವಾದ್ರೂ ಬೇಸ್ ಇಲ್ಲ. ಯಾಕಂದ್ರೆ ಮಿಕ್ಸರಿಗೆ ಲೈನ್ ಹೋಗ್ತಿದ್ದಿದ್ದು ಹೆಡ್ಡಿನ ಹಿಂದಿನ ಡಿಐ ಔಟಿಂದ. ಹೆಡ್ ಸತ್ರೆ ಅದೂ ಸತ್ತ ಹಾಗೆ. ಗಿಟಾರಿಂದ ಮೊದಲು ಒಂದು ಪ್ಯಾಸಿವ್ ಡಿಐ ಬಾಕ್ಸಿಗೆ ಹೋಗಿ, ಅಲ್ಲಿಂದ ಒಂದು ವೈರು ಮಿಕ್ಸರಿಗೆ ಒಂದು ವೈರು ಹೆಡ್ಡಿಗೆ ಹೋಗೋ ಹಾಗಿದ್ರೆ ಆಂಪ್ ಪೂರ್ತಿ ಸುಟ್ಟೋದ್ರೂ ಜನರಿಗೆ ಬೇಸ್ ಕೇಳ್ತಾನೇ ಇರ್ತಿತ್ತು, ನುಡಿಸೋರು ಮಾನಿಟರಲ್ಲಿ ಕೇಳ್ಕೊಂಡು ಹೇಗೋ ಮುಗಿಸ್ಬೋದಿತ್ತು. ಪ್ಯಾಸಿವ್ ಡಿಐಗೆ ಕರೆಂಟೇ ಬೇಡ, ಒಳಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ಕೆಡೋಕೆ ಏನೂ ಇಲ್ಲ. ಸಾವಿರಾರು ಜನ ಕೂತಿರೋ ಮೈದಾನದಲ್ಲಿ ಬೇಸ್ ಕೇಳೋದು ಹೇಗಿದ್ರೂ ಪಿಎಯಿಂದ, ಅಂದ್ರೆ ಜನರ ಕಡೆ ಇಟ್ಟಿರೋ ದೊಡ್ಡ ಸ್ಪೀಕರುಗಳಿಂದ, ಸ್ಟೇಜಿನ ಆಂಪು ನುಡಿಸೋರ ಕಿವಿಗೆ ಮತ್ತೆ ಡ್ರಮ್ಮರಿಗೆ ಅಷ್ಟೇ.

ಈಗಿನ ಸೆಟಪ್ ಹೇಳ್ಬಿಡ್ತೀನಿ. ಬೋರ್ಡ್ ಬದಲಾಯಿಸೋದು ಬಿಟ್ಟು ಬೇಸ್ ಅಣ್ಣ ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಸೆಕೆಂಡ್ ಹ್ಯಾಂಡ್ ಹೆಡ್ ಒಂದು ತಗೊಂಡ್ರು, ಅದೂ ಕ್ಲಾಸ್ ಡಿನೇ. ಸುಟ್ಟಿದ್ದನ್ನ ಆ ಟೆಕ್ನಿಷಿಯನ್ ಹತ್ರ ಗ್ಯಾರಂಟಿ ಇಲ್ದೇನೇ ಮಾಡ್ಸಿದ್ರು, ಬದುಕ್ತು, ಸ್ಪೇರ್ ಅಂತ ಬ್ಯಾಗಲ್ಲಿರತ್ತೆ. ಎರಡು ಹೆಡ್ಡು ಸೇರಿ ನಾಲ್ಕೈದು ಕೇಜಿ. 20 ಕೇಜಿ ಹೆಡ್ಡಿಗೆ ಸ್ಪೇರ್ ಒಂದನ್ನ ಯಾರು ಹೊತ್ಕೊಂಡು ಓಡಾಡ್ತಾರೆ ಹೇಳಿ. ಸರ್ವೋ ಸ್ಟೆಬಿಲೈಸರ್ ತಗೊಳ್ಳಿ ಅಂತ ಕೆಲವರು ಹೇಳಿದ್ರು, ಎರಡು ಕೇಜಿ ಆಂಪ್ ಕಾಪಾಡೋಕೆ ಅದಕ್ಕಿಂತ ಎಷ್ಟೋ ಪಟ್ಟು ಭಾರದ ಸ್ಟೆಬಿಲೈಸರ್ ಹೊರೋದಾದ್ರೆ ಸೊಂಟದ ಕತೆ ಮತ್ತೆ ಮೊದಲಿಂದ. ಅದರ ಬದಲು ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಎಂಸಿಬಿ ಒಂದು, ಓವರ್ ವೋಲ್ಟೇಜ್ ಅಂಡರ್ ವೋಲ್ಟೇಜ್ ಕಟ್ ಆಫ್ ಒಂದು, ನಾಲ್ಕು ಸಾಕೆಟ್ ಹಾಕ್ಕೊಟ್ಟೆ. ಮೇಲೆ 260 ದಾಟಿದ್ರೆ ಕಟ್, ಕೆಳಗೆ 180ಕ್ಕೆ ಕಟ್, ಸರಿಯಾದ ಮೇಲೆ ಅರ್ಧ ನಿಮಿಷ ಕಾದು ಆಮೇಲೆ ಕೊಡತ್ತೆ. ಮುಂದೆ ಡಿಸ್ಪ್ಲೇಲಿ ವೋಲ್ಟೇಜು ಕಾಣತ್ತೆ. ಎಲೆಕ್ಟ್ರಿಕಲ್ ಅಂಗಡೀಲಿ ಸಿಗೋ ಮಾಮೂಲಿ ಸಾಮಾನೇ, ದೊಡ್ಡ ಖರ್ಚಿಲ್ಲ. ನಾಲ್ಕ್ನೇ ಸಾಕೆಟ್ಟಿಗೆ ಈಗ ಕೀಬೋರ್ಡಿನವ್ರು ಕಾಯಂ ಗಿರಾಕಿ, ಹೋದ ಸೀಸನ್ನಲ್ಲಿ ಒಂದು ಜಾತ್ರೆಲಿ ಡಬ್ಬ ಟಕ್ ಅಂದಾಗ ಬೈದಿದ್ದೂ ಅವ್ರೇ, ಡಿಸ್ಪ್ಲೇ ಮೇಲಿನ ನಂಬರ್ ನೋಡಿ ಸುಮ್ನಾಗಿ ಜನರೇಟರ್ ಹುಡುಗನ್ನ ಕರ್ಕೊಂಡು ಬಂದಿದ್ದೂ ಅವ್ರೇ.